ಸಿಪ್ಪೆ ಸುಲಿದ ಏಲಕ್ಕಿ

ಕೋಕಿಲಾ,

ಈ ಪತ್ರವನ್ನು ನಾನು ಕಳಿಸುವುದಿಲ್ಲ, ಅದಕ್ಕೇ ನೇರವಾಗಿ ಕೇಳುತ್ತೇನೆ. ಗೆಳೆತನ ಮುರಿದು ನಾವಿಬ್ಬರೂ ಮಾತು ಬಿಟ್ಟಮೇಲೂ ನನ್ನ ಮಗಳು ಊರ್ವಿ ನಿನ್ನ ಮನೆಗೆ ಬರುತ್ತಾಳಾ?

ಇಂಗ್ಲೆಂಡಿನ ಈ ಲೆಸ್ಟರ್‌ನಲ್ಲೂ ಇವತ್ತು ಸೆಕೆಯೋ ಸೆಕೆ. ಊರ್ವಿ ಚಹಾವನ್ನು ಗಟ್ಟಿಯಾಗಿ ಕುದಿಸಿ, ಆರಿಸಿ, ಹಾಲು, ಸಕ್ಕರೆ, ಐಸ್ ಹಾಕಿ ಮಿಕ್ಸಿಯಲ್ಲಿ ತಿರುಗಿಸಿದಳು. ನೊರೆಯ ಮೇಲೆ ಚಹಾ ಮಸಾಲೆ ಉದುರಿಸಿ ತಂದುಕೊಟ್ಟಳು. ಮೊದಲ ಗುಟುಕಿಗೇ ನಾಲಿಗೆಗೆ ಏಲಕ್ಕಿ ಸಿಪ್ಪೆಯ ಚೂರು ಸಿಕ್ಕಿತು. ನಾನು ಸುಲಿಯದೆ ಏಲಕ್ಕಿ ಕುಟ್ಟಿದವಳೇ ಅಲ್ಲ. ಸಿಪ್ಪೆಯಲ್ಲೇ ಘಮ ಎಂದು ವಾದಿಸುತ್ತಿದ್ದವಳು ನೀನೊಬ್ಬಳೇ.

"ಮಸಾಲೆ ಎಲ್ಲಿಂದ ತಂದ್ಯೇ?"

"ಅಂಗಡಿಯಿಂದ, ಮಮ್ಮಿ."

"ಯಾವ ಅಂಗಡಿ?"

"ಅಯ್ಯೋ, ಪೊಲೀಸ್ ಥರ ಕೇಳ್ತೀಯಲ್ಲ! ಸಿಪ್ಪೆ ಸಿಕ್ತಾ? ಸೋಸಿ ಕೊಡ್ಲಾ?"

"ಏನೂ ಬೇಡ."

ಸಿಪ್ಪೆಯ ಮಾತನ್ನು ನಾನು ಎತ್ತೇ ಇರಲಿಲ್ಲ.

ಅವಳು ಹೊರಗೆ ಹೋದದ್ದೇ ಅಡುಗೆಮನೆ ಜಾಲಾಡಿದೆ. ಹಿಟ್ಟಿನ ಡಬ್ಬದ ಹಿಂದೆ ನಿನ್ನ ಪುಟ್ಟ ಸ್ಟೀಲ್ ಡಬ್ಬಿ ಸಿಕ್ಕಿತು. ಮುಚ್ಚಳದ ಮೇಲೆ ನಿನ್ನ ಅತ್ತೆಯ ಹೆಸರು ಕೆತ್ತಿದೆ, ನನಗೆ ಗುರುತು ಸಿಗದೆ ಇರುತ್ತದೆಯೇ? ಮಸಾಲೆ ಆಗಲೇ ತಳ ಕಂಡಿತ್ತು. ಎಷ್ಟು ದಿನದಿಂದ ನಡೆದಿದೆ ಇದು? ನನ್ನ ಬೆನ್ನ ಹಿಂದೆ ಏನೇನು ಮಾತಾಡಿಕೊಳ್ಳುತ್ತೀರಿ? ನನ್ನ ಮಂಡಿನೋವಿನ ವಿಷಯವೂ ಬಂತಾ? ಅವಳೇ ಹೇಳಿದಳಾ, ನೀನು ಕೇಳಿದೆಯಾ?

ಉಳಿದ ಮಸಾಲೆಯನ್ನು ನನ್ನ ಲೋಟಕ್ಕೇ ಸುರಿದುಕೊಂಡು ಕುಡಿದೆ. ಡಬ್ಬಿ ತೊಳೆದು ಒರೆಸಿದೆ. ಯಾರ ಡಬ್ಬಿಯನ್ನೂ ಖಾಲಿ ವಾಪಸು ಕಳಿಸುವ ರೂಢಿ ನಮ್ಮಲ್ಲಿಲ್ಲವಲ್ಲ. ಏಲಕ್ಕಿ ತುಂಬಿ, ಎಲ್ಲಿತ್ತೋ ಅಲ್ಲೇ ಇಟ್ಟಿದ್ದೇನೆ.

ಒಂದೊಂದನ್ನೂ ಸುಲಿದಿದ್ದೇನೆ.