ನೀರು ಹಾಕಿದ ಬಿಲ್ಲೆಗಳು

ಬೆಳಗಾವಿ, ಬುಧವಾರ

ಅಪ್ಪನಿಗೆ ಪ್ರಮಿಳಾಳ ನಮಸ್ಕಾರ. ಫೋನಿನಲ್ಲಿ ಹೇಳಹೋದರೆ ಜಗಳವಾಗುತ್ತದೆ, ಅದಕ್ಕೇ ಈ ಕಾಗದ.

ಸೋಮವಾರ ನೀವು ಖಾನಾಪುರದಿಂದ ಕೋಲೂರಿಕೊಂಡು ನಮ್ಮ ಲ್ಯಾಬಿಗೆ ಬಂದಿರಿ. ನಾನು ಚಹಾ ತರುವಷ್ಟರಲ್ಲಿ ಮನೆ ಕಟ್ಟಿ ಪಳಗಿದ ನಿಮ್ಮ ಗೌಂಡಿ ಕೈ ಸುಮ್ಮನಿರಲಿಲ್ಲ. ಮುರಿದ ಎಲುಬಿಗೆ ತುಂಬಲೆಂದು ನಾನು ಮಾಡುತ್ತಿರುವ ಸಿಮೆಂಟಿನ ಬಿಲ್ಲೆಗಳ ಮೇಲೆಲ್ಲ ಬಾಟಲಿ ನೀರು ಸುರಿದಿದ್ದಿರಿ! “ಒಣಗಾಕತ್ತಿದ್ದೂ ಬೇ, ನೀರ ಹೊಡಿಲಿಲ್ಲಂದ್ರ ಬಿರಕ ಬಿಡತಾವು,” ಎಂದಿರಿ. ಅದು ಸ್ಲ್ಯಾಬ್ ಅಲ್ಲ ಅಪ್ಪಾ. ಮೈಯೊಳಗೆ ಹೋದರೆ ಎಷ್ಟು ಕರಗೀತು ಎಂದು ತೂಗಿ ನೋಡಲು, ಉಪ್ಪುನೀರಲ್ಲಿ ವಾರಗಟ್ಟಲೆ ನೆನೆಸಿ ತೆಗೆದು ನಾನೇ ಒಣಗಿಸಲು ಇಟ್ಟಿದ್ದೆ. ಈಗ ಎಲ್ಲ ಮೊದಲಿನಿಂದ. ನಮ್ಮ ಗೈಡ್ ಸರ್ ಕಡೆಯಿಂದ ಬೈಸಿಕೊಂಡಿದ್ದೂ ಆಯಿತು.

ಅದು ಹಾಳಾಗಲಿ. ಮಾಳಿಗೆಯಿಂದ ಬಿದ್ದು ಮುರಿದು, ಇನ್ನೂ ಸರಿಯಾಗಿ ಕೂಡದ ನಿಮ್ಮ ಕಾಲಿನ ಆಪರೇಷನ್ ಬೇಡವೆಂದಿರಂತೆ, ಅವ್ವ ಹೇಳಿದಳು. ಸೊಂಟದ ಎಲುಬಿನ ಚೂರು ತೆಗೆದು ಮುರಿದಲ್ಲಿ ತುಂಬುತ್ತೇವೆ ಎಂದ ಡಾಕ್ಟರಿಗೆ, “ನನ್ನ ಮಗಳ ಸಿಮೆಂಟ್ ಬರೂತನಾ ತಡೀತೇನ್ರೀ,” ಎಂದಿರಂತೆ! ಅದಿನ್ನೂ ಪರೀಕ್ಷೆಗೆಂದು ಮೊಲದ ಕಾಲಿಗೂ ಹೋಗಿಲ್ಲ. ಮನುಷ್ಯರ ತನಕ ಬರಲು ವರ್ಷಗಟ್ಟಲೆ ಬೇಕು. ಬಂದೇ ಬರುತ್ತದೆ ಎಂದು ನನಗೇ ನಂಬಿಕೆಯಿಲ್ಲ.

ಶುಕ್ರವಾರ ಅವ್ವನನ್ನು ಕರೆದುಕೊಂಡು ಬನ್ನಿ, ಆಪರೇಷನ್ನಿಗೆ ಡಾಕ್ಟರ ಹತ್ತಿರ ಹೋಗೋಣ. ಹಳೆಯ ಎಕ್ಸ್‌ರೇ ಮರೆಯಬೇಡಿ. ನಾನು ಚಹಾ ತರುವವರೆಗೂ ಕಾಯದ ನೀವು, ಕಾಲಿನ ವಿಷಯದಲ್ಲಿ ಮಾತ್ರ ಯಾಕೆ ನನಗಾಗಿ ಕಾಯುತ್ತೀರಿ?

ನಿಮ್ಮ ಮಗಳು,
ಪ್ರಮಿಳಾ