ಕಾರ್ಡಿನ ಹೊಟ್ಟೆಯಲ್ಲಿ

ಸೆಪ್ಟೆಂಬರ್ 8, ಸೋಮವಾರ. ಸಂಜೆ 5

ಮತ್ತೊಂದು ಕಾರ್ಡ್ ಸೊಟ್ಟ. ಬಾಗಿಲ ಕಡೆ ನೋಡಿದರೆ ಸ್ಕೇಲ್ ಜಾರುತ್ತದೆ. ಕಾರಿಡಾರಿನಲ್ಲಿ ಯಾರ ಚಪ್ಪಲಿ ಸದ್ದಾದರೂ ವಾರ್ಡನ್ ಮೇಡಂ ಬಂದರು ಅಂತಲೇ ಲೆಕ್ಕ. ಗೋಂದು, ಸೂಜಿ, ದಾರ ಎಲ್ಲ ಬೆಡ್‌ಶೀಟ್ ಕೆಳಗೆ. ಹೋಗಿಬಿಟ್ಟರು... ಯಾರೋ ಬಟ್ಟೆ ಒಣಗಿಸೋಕೆ ಹೊರಟವರು.

ರೂಮಿನಲ್ಲಿ ವ್ಯಾಪಾರ ಮಾಡಿದರೆ ಸೀಟ್ ಕ್ಯಾನ್ಸಲ್. ಹೋದ ವರ್ಷ ಕಿವಿಯೋಲೆ ಮಾರಿದ ಸೀನಿಯರ್ ಒಂದೇ ದಿನದಲ್ಲಿ ಗಂಟುಮೂಟೆ ಕಟ್ಟಿದಳಂತೆ. ನನಗೆ ಹಾಸ್ಟೆಲ್ ಹೋದರೆ ಕಾಲೇಜೂ ಹೋದ ಹಾಗೆ. "ಹಾಸ್ಟೆಲ್ ಇದ್ರೆ ಓದು, ಇಲ್ಲಾಂದ್ರೆ ಸೀದಾ ಮನೆಗೆ ಬಾ" — ಅಪ್ಪ ಮೊದಲ ದಿನವೇ ಹೇಳಿದ್ದು.

ಆದರೂ ಹೊಲಿಯದೆ ಇರೋಕಾಗಲ್ಲ. ಶನಿವಾರ ಪಾರ್ಕಿನ ಹತ್ತಿರ ಹ್ಯಾಂಡ್‌ಮೇಡ್ ಬಜಾರ್. ಹದಿನಾಲ್ಕು ನೋಟ್‌ಬುಕ್ ರೆಡಿ. ಕಾರ್ಡ್ ಐವತ್ತು ಬೇಕು.

ಕಾರ್ಡಿನ ಮೇಲೆ "ಹೊಲಿದ ಪುಸ್ತಕ" ಅಂತ ಮಾತ್ರ, ಕೆಳಗೆ ಹೊಸ ಸಿಮ್ಮಿನ ನಂಬರ್. ಮೂಲೆಯಲ್ಲಿ ಕೆಂಪು ದಾರದ ಒಂದು ಹೊಲಿಗೆ. ಹೆಸರಿಲ್ಲ, ಅಡ್ರೆಸ್ ಇಲ್ಲ. ಅಷ್ಟು ಬುದ್ಧಿ ಇದೆ ನನಗೆ.

ಸೆಪ್ಟೆಂಬರ್ 10

ಒಂದೇ ಕಾಗದವಾದರೆ ಮೆತ್ತಗೆ ಬಗ್ಗುತ್ತದೆ. ಬೈಂಡಿಂಗ್ ಕಲಿಸಿದ ತಾತನ ಟೆಕ್ನಿಕ್ಕೇ ಗತಿ: ಎರಡು ತೆಳು ಕಾಗದ, ನಡುವೆ ರದ್ದಿ, ಮೇಲೆ ಭಾರ. "ರಟ್ಟಿನ ಹೊಟ್ಟೆಗೆ ಏನು ಹಾಕಿದ್ರೂ ನಡೆಯುತ್ತೆ ಕಣಮ್ಮ, ಒಳಗಿರೋದನ್ನ ಯಾರು ನೋಡ್ತಾರೆ?" ಅನ್ನುತ್ತಿದ್ದರು.

ಹಾಸ್ಟೆಲ್ ಆಫೀಸಿನ ಕಸದ ಡಬ್ಬದ ಪಕ್ಕ ಹಳೇ ಚೀಟಿಗಳ ಬಂಡಲ್ ಸಿಕ್ಕಿತು. ಗಟ್ಟಿ ಕಾಗದ, ಸರಿಯಾಗಿ ಕಾರ್ಡಿನ ಅಳತೆ. ಕತ್ತರಿಸುವ ಕೆಲಸವೂ ಇಲ್ಲ. ಇವತ್ತು ಲಕ್ ನನ್ನ ಕಡೆ.

ಸೆಪ್ಟೆಂಬರ್ 13, ಶನಿವಾರ

ಒಂಬತ್ತು ನೋಟ್‌ಬುಕ್ ಹೋದವು! ಕಾರ್ಡ್ ಮೂವತ್ತೆಂಟು. ಒಬ್ಬ ಅಜ್ಜಿ ಕಾರ್ಡನ್ನೇ ಮೂಸಿ ನೋಡಿ "ಇದನ್ನ ಮಾರ್ತೀಯಾ?" ಅಂದರು. ಕಪ್ಪು ಕನ್ನಡಕದವನೊಬ್ಬ ಏನನ್ನೂ ಕೊಳ್ಳದೆ, ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿ ಜೇಬಿಗಿಟ್ಟ.

ಸಂತೋಷಕ್ಕೆ ನಿದ್ದೆ ಬರಲ್ಲ ಅಂದುಕೊಂಡೆ. ಬಿದ್ದ ತಕ್ಷಣ ಬಂತು.

ಸೆಪ್ಟೆಂಬರ್ 16

ಹೊಸ ಸಿಮ್ಮಿಗೆ ಮೆಸೇಜ್. ಡಿಪಿ ಇಲ್ಲ. "ಕಾರ್ಡ್ ತುಂಬಾ ಗಟ್ಟಿ ಇದೆ."

ಯಾವ ಸೈಜ್ ನೋಟ್‌ಬುಕ್ ಬೇಕು ಸರ್ ಅಂತ ಕೇಳಿದೆ.

"ಮೊದಲು ನಿಮ್ಮ ಪರಿಚಯ ಬೇಕು."

ಫೋನನ್ನು ಬಕೆಟ್ಟಿನಲ್ಲಿಟ್ಟು ಮೇಲೆ ಟವೆಲ್ ಮುಚ್ಚಿದೆ. ಏನು ಪ್ರಯೋಜನವೋ.

ಸೆಪ್ಟೆಂಬರ್ 19, ಶುಕ್ರವಾರ. ಮಧ್ಯಾಹ್ನ, ಲ್ಯಾಬ್ ಬಂಕ್

"308ರಲ್ಲಿರೋದು ನೀವೇ ತಾನೇ? ಭಾನುವಾರ ಮೂರಕ್ಕೆ ಹಿಂದಿನ ಗೇಟ್. ಬರ್ತೀನಿ."

ಜೊತೆಗೆ ಫೋಟೋ. ನನ್ನ ಕಾರ್ಡನ್ನು ಬಿಸಿಲಿಗೆ ಹಿಡಿದಿದ್ದಾನೆ. ಕೆಂಪು ದಾರದ ಹಿಂದೆ, ನೀರಿನ ತಳದ ಅಕ್ಷರದಂತೆ ಮಸುಕಾಗಿ — ಹಾಸ್ಟೆಲಿನ ಹೆಸರು, ರೂಮ್ ನಂಬರ್, ಪ್ರತಿ ಭಾನುವಾರ 3ರಿಂದ 6, ಹಿಂದಿನ ಗೇಟ್, ಟ್ಯೂಷನ್.

ಔಟ್‌ಪಾಸ್ ಚೀಟಿಗಳು. ಹೊರಗೆ ಹೋಗುವ ಮುಂಚೆ ಹುಡುಗಿಯರು ತುಂಬಿಕೊಟ್ಟ ಔಟ್‌ಪಾಸ್ ಚೀಟಿಗಳನ್ನು ನಾನೇ ಒಂದೊಂದಾಗಿ ಒಳಗಿಟ್ಟು ಅಂಟಿಸಿದ್ದೇನೆ.

ನನ್ನ ರೂಮ್ 211. ನಾನಲ್ಲ! ಉಸಿರು ಬಿಟ್ಟೆ. ಮರುಕ್ಷಣ ಆ ಉಸಿರಿಗೇ ನಾಚಿಕೆಯಾಯಿತು. 308 ಅಂದರೆ ಎಲ್ಲರೂ ಜಿರಾಫೆ ಅನ್ನೋ ಉದ್ದನೆಯ ಸೀನಿಯರ್ — ಮೊದಲ ವಾರ ನಾನು ಬಾತ್‌ರೂಮಿನಲ್ಲಿ ಅಳುತ್ತಿದ್ದಾಗ ಬಾಗಿಲಿನ ಮೇಲಿಂದ ಇಣುಕಿ, "ಅಳೋದಾದ್ರೆ ನಲ್ಲಿ ಆಫ್ ಮಾಡು ಮಾರಾಯ್ತಿ, ನೀರು ವೇಸ್ಟು" ಅಂದವಳು.

ಉಳಿದ ಹನ್ನೆರಡು ಕಾರ್ಡನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಹನ್ನೆರಡರಲ್ಲೂ ಯಾರದೋ ರೂಮ್ ನಂಬರ್. ಹೊರಗೆ ಮೂವತ್ತೆಂಟು.

ಬ್ಲಾಕ್ ಮಾಡಿದರೆ ಅವನು ಎಲ್ಲಿದ್ದಾನೋ ಗೊತ್ತಾಗಲ್ಲ. ಮಾಡದಿದ್ದರೆ ಅವನು ಇಲ್ಲೇ, ನನ್ನ ಜೇಬಿನಲ್ಲೇ.

ಸೆಪ್ಟೆಂಬರ್ 20

308ಕ್ಕೆ ಹೋದೆ. ಹೇಳಬೇಕು ಅಂತಲೇ ಹೋದೆ.

"ಅಕ್ಕಾ, ನಾಳೆ ಟ್ಯೂಷನ್‌ಗೆ ಹೋಗ್ಬೇಡಿ."

"ಯಾಕೇ? ಕನಸು ಬಿತ್ತಾ?"

"ಹೊಟ್ಟೆ ನೋವು. ಜೊತೆಗಿರಿ."

"ನಾನೇನು ಡಾಕ್ಟ್ರಾ? ನಿನಗೆ ನೆರಳು ಕಂಡ್ರೂ ಹೊಟ್ಟೆ ನೋಯುತ್ತೆ. ತಗೋ."

ಮಾತ್ರೆ ಕೊಟ್ಟಳು. ನೀರನ್ನೂ ಅವಳೇ ತಂದಳು. ಇಲ್ಲದ ನೋವಿಗೆ ನುಂಗಿ, ತಲೆ ಸವರಿಸಿಕೊಂಡು, ಬಾಯಿ ಮುಚ್ಚಿಕೊಂಡು ವಾಪಸ್ ಬಂದೆ. ಥೂ.

ಅವಳಿಗೊಬ್ಬಳಿಗೆ ಹೇಳಿದರೂ ಉಳಿದ ಮೂವತ್ತೇಳರ ಕಥೆ? ಎಲ್ಲರಿಗೂ ಹೇಳಬಲ್ಲವರು ಒಬ್ಬರೇ. ಅವರಿಗೆ ಹೇಳಿದರೆ ನನ್ನ ಸೀಟ್...

ಸೆಪ್ಟೆಂಬರ್ 21, ಭಾನುವಾರ. 2.25

ವಾರ್ಡನ್ ರೂಮಿನ ಹೊರಗಿನ ಬೆಂಚು. ಒಳಗೆ ಮೇಡಂ ಫೋನಿನಲ್ಲಿದ್ದಾರೆ. ಎರಡು ಸಲ ಬಾಗಿಲು ಬಡಿದೆ. "ಐದು ನಿಮಿಷ!" ಅಂದರು. ಎಂಟಾಯಿತು. ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ.

ಹನ್ನೆರಡು ಕಾರ್ಡೂ ತಂದಿದ್ದೇನೆ. ಸೂಜಿ, ದಾರ, ಗೋಂದಿನ ಡಬ್ಬಿಯೂ. ಅವರು ಹುಡುಕಿ ತೆಗೆಯುವುದು ಬೇಡ.

ಅಪ್ಪನಿಗೆ ಏನಂತ ಹೇಳುವುದು. ರದ್ದಿ ಅಂದುಕೊಂಡೆ ಅಪ್ಪಾ ಅಂತಲೇ?

2.36. ಮೆಸೇಜ್. "ಬೇಗ ಬಂದುಬಿಟ್ಟೆ. ನೀಲಿ ಬೈಕ್."

ಮೇಲಿನಿಂದ ಚಪ್ಪಲಿ ಸದ್ದು. ಉದ್ದ ಹೆಜ್ಜೆ, ಎರಡೆರಡು ಮೆಟ್ಟಿಲು. ಅವಳೇ. "ಏನೇ, ಇಲ್ಲೂ ಹೊಟ್ಟೆ ನೋವಾ?" ಅವಳ ಕೈ ಹಿಡಿದುಕೊಂಡಿದ್ದೇನೆ, ಬಿಡಲ್ಲ, ಎಡಗೈಯಲ್ಲಿ ಗೀಚುತ್ತಿದ್ದೇನೆ. "ಬಿಡೇ, ಲೇಟಾಗುತ್ತೆ! ಹುಚ್ಚಾ ನಿಂಗೆ?"

ಬಾಗಿಲು ತೆರೆಯಿತು. ಮೇಡಂ ಇಬ್ಬರನ್ನೂ ನೋಡುತ್ತಿದ್ದಾರೆ.

ಮೊದಲು ಲೈಟ್ ಹಾಕಿ ಮೇಡಂ, ಅನ್ನಬೇಕು. ಆಮೇಲೆ ಒಂದು ಕಾರ್ಡ್ ಬೆಳಕಿಗೆ ಎತ್ತಿ ಹಿಡಿದು, ಒಳಗಿರೋದನ್ನ ಓದಿ, ಅಂಟಿಸಿದ್ದು ನಾನೇ ಅಂತ...