ಓಟದಂಗಳಕ್ಕೆ ನಾನು ಹಾಕಿದ ಬೀಗ

ಹಿರೇಬನ್ನಿ, ಫೆಬ್ರವರಿ ೩೦, ೨೧೮೭

ಹಿರೇಬನ್ನಿಯ ನನ್ನ ಹಿರಿಯರಿಗೆ ನೀಲಾಂಬಿಕಾ ಕಟಗೇರಿಯ ನಮಸ್ಕಾರಗಳು.

ತಾರೀಖು ನೋಡಿ ಕಣ್ಣುಜ್ಜಿಕೊಳ್ಳಬೇಡಿ. ಮೇ ತಿಂಗಳಿನಿಂದ ಎರಡು ದಿನ ಕಿತ್ತು ಫೆಬ್ರವರಿಗೆ ಸೇರಿಸಿದರೆ ಬೇಸಿಗೆ ಅಷ್ಟು ಮಟ್ಟಿಗೆ ಚಿಕ್ಕದಾಗುತ್ತದೆಂದು ನಂಬಿದ ಜಾಣರು ನಮ್ಮಲ್ಲಿ ಆಗಿಹೋದರು. ಬೇಸಿಗೆಗೆ ಕ್ಯಾಲೆಂಡರ್ ಓದಲು ಬರುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಎನಿಸಬಹುದು, ಮನ್ನಿಸಬೇಕು. ಈ ಕಾಗದವನ್ನು ನಾವು ಹಿಂದೋಲೆ ಎನ್ನುತ್ತೇವೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಓಲೆ. ಒಬ್ಬೊಬ್ಬರಿಗೆ ಬದುಕಿನಲ್ಲಿ ಒಂದೇ ಸಲ ಬರೆಯುವ ಅವಕಾಶ. ಹೆಚ್ಚಿನವರು ತೀರಿಹೋದ ತಾಯಿಗೆ ಬರೆಯುತ್ತಾರೆ. ಅರವತ್ತೆಂಟರ ಈ ಮುದುಕಿ ಮಾತ್ರ ಒಂದು ಮೈದಾನದ ವಿಷಯ ಬರೆಯಲು ಕುಳಿತಿದ್ದಾಳೆ.

ನೀವು ಬನ್ನಿಮರದ ಪಕ್ಕದ ಬಯಲನ್ನು ಸಮ ಮಾಡಿ, ಸುಣ್ಣದ ಗೆರೆ ಎಳೆದು ಮಾಡಿದ ನಾನೂರು ಮೀಟರಿನ ಓಟದಂಗಳ ನನ್ನ ಬಾಲ್ಯದವರೆಗೂ ಹಾಗೆಯೇ ಇತ್ತು. ನಮ್ಮಲ್ಲಿ ಬೆಳಿಗ್ಗೆ ಎಂಟೂವರೆಗೆ ಬಿಸಿಲಿನ ಎಚ್ಚರಿಕೆಯ ಬಿಸಿಗಂಟೆ ಹೊಡೆಯುತ್ತದೆ. ಅಲ್ಲಿಂದ ಸಂಜೆ ಐದರವರೆಗೆ ಯಾರೂ ಬಯಲಿಗೆ ಬರುವಂತಿಲ್ಲ. ಆದ್ದರಿಂದ ಊರಿನ ಓಟವೆಲ್ಲ ಆ ಗಂಟೆಗೆ ಮುಂಚಿನ ಎರಡು ತಾಸಿನಲ್ಲಿ ಮುಗಿಯಬೇಕಿತ್ತು. ದೊಡ್ಡವರು ಹೊರಗಿನ ಗೆರೆಗಳಲ್ಲಿ ಓಡುತ್ತಿದ್ದರು, ಒಳಗಿನ ಗೆರೆ ಹೊಸದಾಗಿ ಬಂದ ಮಗುವಿಗೆ ಮೀಸಲು. ಗಂಟೆಗೆ ಮುಂಚೆ ಕೊನೆಯದಾಗಿ ಬೆನ್ನಹತ್ತುವ ಸುತ್ತು ನಡೆಯುತ್ತಿತ್ತು. ಆ ಹೊಸ ಮಗುವನ್ನು ಅರ್ಧ ಸುತ್ತು ಮುಂದೆ ಬಿಟ್ಟು, ಜಿಲ್ಲೆಯಲ್ಲಿ ಗೆದ್ದವರೂ ಸೇರಿ ಇಡೀ ಅಂಗಳವೇ ಅದನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ಎಂಟನೆಯ ವಯಸ್ಸಿನಲ್ಲಿ ನನ್ನ ಬೆನ್ನ ಹಿಂದೆ ನಲವತ್ತು ಜನರ ಕಾಲಿನ ಸಪ್ಪಳ ಕೇಳಿತು. ಯಾರ ಕೈಗೂ ಸಿಗದೆ ಸುತ್ತು ಮುಗಿಸಿದೆ. ಬೇಕೆಂದೇ ಅವರು ನನ್ನನ್ನು ಹಿಡಿಯಲಿಲ್ಲ ಎಂದು ಗೊತ್ತಾಗುವಷ್ಟರಲ್ಲಿ ನಾನು ಓಟದಲ್ಲಿ ರಾಜ್ಯಕ್ಕೆ ಮೂರನೆಯವಳಾಗಿದ್ದೆ.

ಮೂವತ್ತು ವರ್ಷದ ಹಿಂದೆ ನನ್ನನ್ನು ಅಂಗಳದ ನೆಲ ನೋಡಿಕೊಳ್ಳುವ ನೆಲಗಾವಲಿಯಾಗಿ ನೇಮಿಸಿದರು. ಅದೇ ವರ್ಷ ಅಂಗಳಕ್ಕೆ ಹಸುರುಹಾಸು ಬಂತು. ಇದು ಪಾಚಿಯಿಂದ ಬೆಳೆಸಿದ, ಬಿಸಿಲಿಗೆ ಕಾಯದ ಜೀವಂತ ನೆಲ. ಹನ್ನೊಂದು ವರ್ಷ ಕಾದು ಪಡೆದದ್ದು. ಮೊದಲ ದಿನ ಅದರ ಮೇಲೆ ಕಾಲಿಡಲು ನನಗೇ ಮನಸ್ಸಾಗಲಿಲ್ಲ, ಅಂಗೈಯಿಂದ ಸವರಿ ನೋಡಿದೆ. ಸುತ್ತ ತಂತಿ ಬೇಲಿ ಹಾಕಿಸಿದೆ, ಬಾಗಿಲಿಗೆ ಬೀಗ ತಂದೆ. ಓಟದ ಬೂಟಿಲ್ಲದವರಿಗೆ ಪ್ರವೇಶವಿಲ್ಲ ಎಂದು ನನ್ನ ಕೈಯಾರೆ ಬರೆದು ತೂಗುಹಾಕಿದೆ. ಕಾಲು ಬಿದ್ದಷ್ಟೂ ಬಾಳುತ್ತದೆ ಎಂದು ಹಾಸಿನ ಜೊತೆ ಬಂದ ಚೀಟಿಯಲ್ಲಿ ಅಚ್ಚಾಗಿತ್ತು. ಮಾರುವವರ ಬಣ್ಣದ ಮಾತು ಎಂದು ಅದನ್ನು ಮಡಚಿಟ್ಟೆ.

ಹಸೀನಾ ನದಾಫ ಎಂಬ ಹನ್ನೊಂದು ವರ್ಷದ ಹುಡುಗಿ ಆ ವಾರವೇ ಬಂದಳು. ಬರಿಗಾಲು, ಹಿಮ್ಮಡಿಯಲ್ಲಿ ಒಡಕು, ಒಡಕಿನಲ್ಲಿ ಎರೆಮಣ್ಣು. ಅವಳು ಬಾಗಿಲಿಂದ ಬನ್ನಿಮರದವರೆಗೆ ಓಡಿದ್ದನ್ನು ನೋಡಿಯೇ ಅವಳ ಶಕ್ತಿ ನನಗೆ ತಿಳಿದಿತ್ತು. ತಿಳಿದೂ ಹೊರಗೆ ಕಳಿಸಿದೆ. ಒಂದು ತಿಂಗಳು ಅವಳು ಬೇಲಿಯ ಆಚೆ, ಕಲ್ಲು ಮುಳ್ಳಿನ ದಾರಿಯಲ್ಲಿ, ಒಳಗೆ ಓಡುವವರ ಜೊತೆಜೊತೆಗೇ ಓಡಿದಳು. ಹೊರಸುತ್ತು ಉದ್ದವಾದರೂ ಹಿಂದೆ ಬೀಳುತ್ತಿರಲಿಲ್ಲ. ಬೂಟು ಸಿಕ್ಕರೆ ತಾನೇ ಒಳಗೆ ಬರುತ್ತಾಳೆ ಎಂದುಕೊಂಡು ನಾನು ನನ್ನ ಹಾಸನ್ನು ಗುಡಿಸುತ್ತಿದ್ದೆ. ಒಂದು ಸೋಮವಾರ ಅವಳು ಕಾಣಲಿಲ್ಲ, ಮತ್ತೆ ಬರಲೂ ಇಲ್ಲ.

ಬೂಟಿನವರು ಎಷ್ಟು ಜನ ಇದ್ದಾರು? ದೊಡ್ಡ ಓಟಗಾರರು ಬೇರೆ ಊರು ಹಿಡಿದರು, ಚಿಕ್ಕವರು ಬರುವುದು ನಿಂತಿತು. ತುಳಿಯುವ ಕಾಲಿಲ್ಲದೆ ಹಾಸು ಒಂಬತ್ತೇ ವರ್ಷದಲ್ಲಿ ಒಣಗಿ ಹಪ್ಪಳವಾಯಿತು. ಬೀಗ ಮಾತ್ರ ಆಮೇಲೂ ಇಪ್ಪತ್ತು ವರ್ಷ ತೂಗಿತು. ಅದನ್ನು ತೆಗೆದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂಬ ಹಟ ನನ್ನದು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರೆ. ನಾನು ಊರೇ ಓಡುವುದನ್ನು ಮರೆತ ಮೇಲೆ ಬಾಗಿಲು ತೆಗೆದೆ.

ಹೋದ ವರ್ಷ ಬೀಗ ತೆಗೆದು, ಓಣಿಯ ಮಕ್ಕಳನ್ನು ಕರೆದುಕೊಂಡು ಹೋದೆ. ಅವರಿಗೆ ಗೊತ್ತಿರುವುದು ಶಾಲೆಯ ನಿಂತೋಟ ಒಂದೇ. ತಣ್ಣನೆಯ ಕೋಣೆಯಲ್ಲಿ ಪಟ್ಟಿಯೊಂದು ಕಾಲ ಕೆಳಗೆ ಸರಿಯುತ್ತದೆ, ಎದುರಿನ ಗೋಡೆಯ ಮೇಲೆ ಯಾವುದೋ ಕಡಲ ದಂಡೆ ಓಡುತ್ತದೆ, ಮಗು ಮಾತ್ರ ಇದ್ದಲ್ಲೇ ಇರುತ್ತದೆ. ಒಬ್ಬಳು ಅಂಗಳವನ್ನೆಲ್ಲ ನೋಡಿ, "ಆಯಿ, ಎಲ್ಲಿಗೆ ಓಡಬೇಕ್ರಿ?" ಎಂದಳು. ಬೆರಳಿನಿಂದ ಸುತ್ತು ತೋರಿಸಿದೆ. "ಇಲ್ಲಿಂದ ಹೊಂಟು ಇಲ್ಲಿಗೇ ಬರೂದಾ? ಹಂಗಾದ್ರ ಹೋಗೂದ್ಯಾಕ?" ಎಂದು ನಕ್ಕಳು. ಉತ್ತರ ನನ್ನ ಕಾಲಲ್ಲಿತ್ತು, ಓಡಿ ತೋರಿಸಲು ಹೊರಟೆ. ಆದರೆ ನನ್ನ ಮೊಣಕಾಲು ಹತ್ತು ಹೆಜ್ಜೆಗೇ ಸೋತಿತು. ಮಕ್ಕಳು ಪಾಪ ಎಂದು ನನ್ನನ್ನು ನೆರಳಿಗೆ ಕೂರಿಸಿದರು. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಆ ಸಂಜೆಯೇ ಹಸೀನಾಳ ಮನೆ ಹುಡುಕಿಕೊಂಡು ಹೋದೆ. ನಲವತ್ತು ದಾಟಿದ ಹೆಂಗಸು, ಗಾದಿ ಹೊಲಿಯುತ್ತ ಕುಳಿತಿದ್ದಳು. ಕ್ಷಮೆ ಕೇಳಿದೆ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಹೇಳಿದಳು: "ಸಿಟ್ಟೇನಿಲ್ರಿ ಅಕ್ಕಾರ. ಕಲ್ಲು ಮುಳ್ಳು ನನಗೇನೂ ಅನಿಸ್ತಿರಲಿಲ್ಲ. ಆದ್ರ ಬೇಲಿ ಹೊರಗ ನನ್ನ ಬೆನ್ನ ಹತ್ತವ್ರು ಯಾರೂ ಇರಲಿಲ್ರಿ." ಚಹಾ ಕೊಟ್ಟಳು, ಕುಡಿದು ಬಂದೆ.

ಹಿರಿಯರೇ, ನಿಮ್ಮ ಅಂಗಳಕ್ಕೆ ಇನ್ನೂ ಬೇಲಿ ಇಲ್ಲ ಎಂದು ಬಲ್ಲೆ. ಮುಂದೊಂದು ದಿನ ಅದಕ್ಕೂ ಚಂದದ ನೆಲ ಬರುತ್ತದೆ, ಅದನ್ನು ಕಾಯಬೇಕು ಎಂದು ನನ್ನಂಥ ಪ್ರೀತಿಯುಳ್ಳವರೇ ಬೀಗ ತರುತ್ತಾರೆ. ದಯವಿಟ್ಟು ಬೇಡ ಎನ್ನಿ. ನೆಲ ಸವೆದರೆ ಸವೆಯಲಿ. ನಾಳೆ ಬೆಳಿಗ್ಗೆ ಅಲ್ಲಿಗೆ ಹೋಗಿ. ಚೆನ್ನಾಗಿ ಓಡಲು ಬರಬೇಕೆಂದಿಲ್ಲ. ಗೆರೆಯ ಹತ್ತಿರ ಬರಿಗಾಲಲ್ಲಿ ನಿಂತ ಹುಡುಗಿ ಇದ್ದರೆ ಅರ್ಧ ಸುತ್ತು ಮುಂದೆ ಬಿಟ್ಟು, ಅವಳಿಗೆ ಕೇಳುವ ಹಾಗೆ ಕಾಲು ಸಪ್ಪಳ ಮಾಡುತ್ತ ಬೆನ್ನ ಹತ್ತಿ.

ಹಿಡಿಯಬೇಡಿ.